ಮ್ಯಾಂಚೆಸ್ಟರಿನ ಮಾಡು ಸೋರಿದ ಭಾನುವಾರ

ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಕಟ್ಟಳೆಯಿದೆ. ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾದ ದೊಡ್ಡಪ್ಪ ಗುಂಪು ತೆರೆದ ದಿನವೇ, ಇಲ್ಲಿ ಬರೆಯುವವರು ಕನ್ನಡ ಲಿಪಿಯಲ್ಲಿ, ಪೂರ್ಣ ವಾಕ್ಯಗಳಲ್ಲಿ ಬರೆಯತಕ್ಕದ್ದು, ಹೆಬ್ಬೆರಳಿನ ಚಿತ್ರವನ್ನು ಉತ್ತರವೆಂದು ಪರಿಗಣಿಸಲಾಗುವುದಿಲ್ಲ ಎಂದು ಬರೆದು ಪಿನ್ ಮಾಡಿಟ್ಟಿದ್ದಾರೆ. ಅದರಿಂದ ಜಗಳಗಳೇನೂ ಕಡಿಮೆಯಾಗಿಲ್ಲ. ಓದಲು ಚೆನ್ನಾಗಿರುತ್ತವೆ, ಅಷ್ಟೆ. ಆಷಾಢದ ಒಂದು ಭಾನುವಾರ ನಡೆದದ್ದನ್ನು, ನನ್ನ ಫೋನಿನಲ್ಲಿ ಯಾರ ಹೆಸರು ಹೇಗಿದೆಯೋ ಹಾಗೆಯೇ ಇಲ್ಲಿ ಇಳಿಸಿದ್ದೇನೆ.

ಬೆಳಿಗ್ಗೆ 7.12ಕ್ಕೆ ಚಿಕ್ಕಪ್ಪನಿಂದ ಒಂದು ಚಿತ್ರ ಬಂತು. ಮೂರು ಚೂಪು ಕಂಬಗಳು, ಅವುಗಳಿಂದ ಇಳಿಬಿದ್ದ ಸರ್ಕಸ್ ಡೇರೆಯಂಥ ಬೃಹತ್ ಹೊದಿಕೆ, ಕೆಳಗೆ ಕೆಂಪು ಬಣ್ಣದ ಬೌಲಿನಂತೆ ಕಾಣುವ ಕ್ರೀಡಾಂಗಣ. ಮೇಲೆ 'ಅನೇಕ ಬಾರಿ ಫಾರ್ವರ್ಡ್ ಮಾಡಲಾಗಿದೆ' ಎಂಬ ಪಟ್ಟಿ. ಅಡಿಯಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಹಳೆಯ ಓಲ್ಡ್ ಟ್ರಾಫರ್ಡ್ ಕ್ರೀಡಾಂಗಣವನ್ನು ಕೆಡವಲಾಗಿದೆ, ಬ್ರಿಟಿಷ್ ಸರ್ಕಾರ 200 ಕೋಟಿ ಪೌಂಡ್ ಕೊಟ್ಟಿದೆ, ಒಂದು ಲಕ್ಷ ಜನ ಕೂರುವ ಹೊಸ ಕ್ರೀಡಾಂಗಣದ ಕೆಲಸ ಹಗಲೂ ರಾತ್ರಿ ನಡೆದಿದೆ ಎಂಬ ಒಕ್ಕಣೆ. ಚಿಕ್ಕಪ್ಪ ತಮ್ಮದೊಂದು ಸಾಲನ್ನು ಸೇರಿಸಿದ್ದರು.

ಚಿಕ್ಕಪ್ಪ: ಹಳೆಯದನ್ನು ಕೆಡವುವ ಎದೆಗಾರಿಕೆ ಇದ್ದವರು ಹೊಸದನ್ನು ಕಟ್ಟುತ್ತಾರೆ. ಉಳಿದವರು ವರ್ಷ ವರ್ಷವೂ ಹೆಂಚು ಕೈಯಾಡಿಸುತ್ತ ಕೂರುತ್ತಾರೆ.

ಹೊರಗಿನವರಿಗೆ ಇದು ಫುಟ್ಬಾಲಿನ ಮಾತು. ತೀರ್ಥಹಳ್ಳಿ ಕಡೆಯ ನಮ್ಮ ಹೆಂಚಿನ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟೋಣವೆಂದು ಚಿಕ್ಕಪ್ಪ, ತಾನಿರುವವರೆಗೆ ಒಂದು ಜಂತಿಯನ್ನೂ ಮುಟ್ಟಕೂಡದೆಂದು ದೊಡ್ಡಪ್ಪ, ಅಜ್ಜ ಹೋದ ವರ್ಷದಿಂದ ಎಳೆದಾಡುತ್ತಿರುವುದನ್ನು ಬಲ್ಲ ನಮಗೆ ಅದು ಯಾರಿಗೆ ಬಿದ್ದ ಪೆಟ್ಟೆಂದು ಕೂಡಲೇ ತಿಳಿಯಿತು.

ಭಾವ: ಈ ಸುದ್ದಿಯ ಮೂಲ ಯಾವುದೆಂದು ದಯವಿಟ್ಟು ತಿಳಿಸಬೇಕು. ಕೆಡವಲಾಗಿದೆ ಎಂದು ಬರೆದವರು ಯಾರು? ಸರ್ಕಾರ ಹಣ ಕೊಟ್ಟಿದೆ ಎನ್ನುವುದಕ್ಕೆ ಆಧಾರವೇನು? ನಾನು ತಿಳಿದಂತೆ 2025ರ ಮಾರ್ಚ್ 11ರಂದು ಕ್ಲಬ್ಬು ಪ್ರಕಟಿಸಿದ್ದು ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಸಂಸ್ಥೆ ತಯಾರಿಸಿದ ಕಲ್ಪನಾ ಚಿತ್ರಗಳನ್ನು ಮಾತ್ರ. ಸರ್ಕಾರ ಬೆಂಬಲ ಸೂಚಿಸಿದ್ದು ಸುತ್ತಲಿನ ಪ್ರದೇಶದ ಅಭಿವೃದ್ಧಿಗೆ. ಕ್ರೀಡಾಂಗಣದ ಖರ್ಚು ಕ್ಲಬ್ಬಿನದೇ.

ಚಿಕ್ಕಪ್ಪ: ಅಳಿಯಂದಿರು ಲೆಕ್ಕಪರಿಶೋಧಕರು, ಅವರಿಗೆ ಮದುವೆಯ ಮಂಟಪದಲ್ಲೂ ರಸೀದಿ ಬೇಕಿತ್ತು.

ಭಾವ: ಅಂದು ನಾನು ಕೇಳಿದ್ದು ಅಡುಗೆಯವರಿಗೆ ಕೊಟ್ಟ ಮುಂಗಡದ ರಸೀದಿಯನ್ನು. ಅದು ಈವರೆಗೂ ಸಿಕ್ಕಿಲ್ಲ.

ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಪೂಜೆ ಮುಗಿಸಿ ಬಂದ ದೊಡ್ಡಪ್ಪ ಬರೆದದ್ದು ಉದ್ದವಾಗಿತ್ತು.

ದೊಡ್ಡಪ್ಪ: ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂಬ ಚಾರ್ವಾಕನ ಮಾತನ್ನು ಈ ಕ್ಲಬ್ಬಿನವರು ಧ್ಯೇಯವಾಕ್ಯವಾಗಿ ಇಟ್ಟುಕೊಂಡಂತಿದೆ. 2005ರಲ್ಲಿ ಗ್ಲೇಜರ್ ಕುಟುಂಬ ಅದನ್ನು ಸುಮಾರು 79 ಕೋಟಿ ಪೌಂಡಿಗೆ ಕೊಂಡಿತು. ಅದರಲ್ಲಿ ದೊಡ್ಡ ಪಾಲು ಸಾಲ; ಆ ಸಾಲದ ಹೊರೆಯನ್ನು ಹೊರಿಸಿದ್ದು, ಅಲ್ಲಿಯವರೆಗೆ ಋಣವಿಲ್ಲದೆ ಬದುಕಿದ್ದ ಕ್ಲಬ್ಬಿನ ತಲೆಯ ಮೇಲೆಯೇ. ಈಗ ಪಾಲುದಾರರಾಗಿ ಬಂದಿರುವ ರ‍್ಯಾಟ್‌ಕ್ಲಿಫ್ ಎಂಬ ಮಹಾನುಭಾವರ ಕಾಲದಲ್ಲಿ ಖರ್ಚು ಉಳಿಸಲೆಂದು ನೂರಾರು ನೌಕರರನ್ನು ಮನೆಗೆ ಕಳಿಸಿ, ಉಳಿದವರ ಉಚಿತ ಮಧ್ಯಾಹ್ನದ ಊಟಕ್ಕೂ ಕತ್ತರಿ ಹಾಕಿದರೆಂದು ಮಗನೇ ಹೇಳಿದ್ದಾನೆ. ಕೆಲಸದವರಿಗೆ ಅನ್ನ ಹಾಕಲಾರದವರು ಒಂದು ಲಕ್ಷ ಕುರ್ಚಿಗಳನ್ನು ಎಲ್ಲಿಂದ ತರುತ್ತಾರೆ?

ಫುಟ್ಬಾಲನ್ನು 'ಹನ್ನೊಂದು ಜನ ಒಂದು ಚೆಂಡಿಗೆ ಹೊಡೆದಾಡುವ ಆಟ' ಎಂದು ಕರೆಯುತ್ತಿದ್ದ ದೊಡ್ಡಪ್ಪನಿಗೆ ಇಷ್ಟೆಲ್ಲ ತಿಳಿದಿರುವುದಕ್ಕೆ ಮಗ ಕಾರಣ. ಅಣ್ಣ ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಾನೆ. ಪ್ರತಿ ಭಾನುವಾರ ಅಪ್ಪನಿಗೆ ಕರೆ ಮಾಡಿದಾಗ ಮೊದಲು ಮಳೆ, ಆಮೇಲೆ ಅಡಿಕೆ, ಕೊನೆಗೆ ಯುನೈಟೆಡ್ ಎಂಬುದು ಮಾತಿನ ಕ್ರಮ.

ಚಿಕ್ಕಪ್ಪ: ಹಾಗಾದರೆ ಅವನನ್ನೇ ಕೇಳೋಣ. ಹಳೆಯ ಕ್ರೀಡಾಂಗಣ ಚೆನ್ನಾಗಿದೆಯೋ ಇಲ್ಲವೋ ಹೇಳು ಮಾರಾಯ.

ಅಲ್ಲಿ ಬೆಳಗಾಗುವವರೆಗೂ ಕಾಯಬೇಕಾಯಿತು.

ಮ್ಯಾಂಚೆಸ್ಟರ್ ಅಣ್ಣ: ಚಿಕ್ಕಪ್ಪ, ಕೆಡವಿಲ್ಲ. ಆದರೆ ಸೋರುವುದು ನಿಜ. 2024ರ ಮೇ 12ರಂದು ಆರ್ಸೆನಲ್ ವಿರುದ್ಧ 0-1ರಲ್ಲಿ ಸೋತ ಪಂದ್ಯ ಮುಗಿಯುವ ಹೊತ್ತಿಗೆ ಸುರಿದ ಮಳೆಗೆ ಮಾಡಿನ ಮೂಲೆಯಿಂದ ನೀರು ಜೋಗದ ಹಾಗೆ ಧುಮುಕಿತು. ಪ್ರೇಕ್ಷಕರು ನೆನೆದುಕೊಂಡೇ ಹೊರಗೆ ಬಂದರು. ವಿಸ್ತರಿಸೋಣವೆಂದರೆ ದಕ್ಷಿಣದ ಸ್ಟ್ಯಾಂಡಿನ ಬೆನ್ನಿಗೇ ರೈಲು ಹಳಿ ಇದೆ. ಉಳಿದ ಮೂರು ಬದಿಗಳು ಎತ್ತರಕ್ಕೆ ಬೆಳೆದರೂ ಆ ಒಂದು ಬದಿ ಕುಳ್ಳಾಗಿಯೇ ಉಳಿದಿದೆ. ಈಗ ಹಿಡಿಸುವುದು ಸುಮಾರು 74 ಸಾವಿರ ಜನರನ್ನು.

ಚಿಕ್ಕಪ್ಪ: ಅಣ್ಣಯ್ಯ, ನೀವು ಓದಿದಿರೋ ಇಲ್ಲವೋ? ನಿಮ್ಮ ಮಗನೇ ಸೋರುತ್ತದೆ ಎನ್ನುತ್ತಿದ್ದಾನೆ.

ಇಲ್ಲೊಂದು ಮಾತು ಹೇಳಬೇಕು. ಚಿಕ್ಕಪ್ಪ ತಮ್ಮ ಅಣ್ಣನಾದ ದೊಡ್ಡಪ್ಪನನ್ನು ಚಿಕ್ಕಂದಿನಿಂದ 'ನೀನು' ಎನ್ನುವವರು. 'ನೀವು' ಬಂತೆಂದರೆ ಸಿಟ್ಟು ನೆತ್ತಿಗೇರಿದೆ ಎಂದರ್ಥ. ನಮ್ಮ ಮನೆಯಲ್ಲಿ ಬಹುವಚನ ಗೌರವವಾಚಕವಲ್ಲ.

ದೊಡ್ಡಪ್ಪ: ಸೋರುವ ಮಾಡನ್ನು ಸರಿಪಡಿಸಬೇಕು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ? 1941ರ ಮಾರ್ಚಿನಲ್ಲಿ ಜರ್ಮನರ ಬಾಂಬು ಬಿದ್ದು ಅದೇ ಕ್ರೀಡಾಂಗಣ ನುಚ್ಚುನೂರಾಗಿತ್ತು. ಅವರು ಪ್ರತಿಸ್ಪರ್ಧಿಗಳಾದ ಮ್ಯಾಂಚೆಸ್ಟರ್ ಸಿಟಿಯವರ ಮೇನ್ ರೋಡ್ ಮೈದಾನದಲ್ಲಿ ಬಾಡಿಗೆ ಕೊಟ್ಟು ಆಡಿಕೊಂಡಿದ್ದು, 1949ರಲ್ಲಿ ತಮ್ಮ ಮನೆಗೇ ಮರಳಿದರು. 1910ರಿಂದ ನಿಂತಿರುವ ನೆಲೆ ಅದು. 1958ರ ಮ್ಯೂನಿಕ್ ವಿಮಾನ ಅಪಘಾತದಲ್ಲಿ ತೀರಿಕೊಂಡ ಎಂಟು ಆಟಗಾರರ ನೆನಪಿಗೆ ಅಲ್ಲಿ ಒಂದು ಗಡಿಯಾರವನ್ನು ಇಟ್ಟಿದ್ದಾರೆ. ಗಡಿಯಾರವನ್ನು ಬಿಚ್ಚಿ ಬೇರೆಡೆ ತೂಗುಹಾಕಬಹುದು. ಅದರ ಕೆಳಗೆ ನಿಂತು ಅತ್ತವರ ಜಾಗವನ್ನು ಎಲ್ಲಿಗೆ ಸಾಗಿಸುತ್ತೀರಿ?

ನನ್ನ ಎಣಿಕೆಯಲ್ಲಿ ಆ ದಿನದ ಒಳ್ಳೆಯ ವಾಕ್ಯ ಅದು. ಆದರೆ ಅದನ್ನು ಯಾರೂ ಗಮನಿಸಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅತ್ತೆ ಎದ್ದಿದ್ದರು.

ರಾಜಾಜಿನಗರದ ಅತ್ತೆ: ಮ್ಯಾಂಚೆಸ್ಟರ್ ಎಂದ ಕೂಡಲೇ ನನಗೆ 1999ರ ಮೇ ತಿಂಗಳ ರಾತ್ರಿ ನೆನಪಾಗುತ್ತದೆ. ಅಡಿಕೆಗೆ ಒಳ್ಳೆಯ ಧಾರಣೆಯಿದ್ದ ಕಾಲ, ಅಪ್ಪಯ್ಯ ಅಂಗಳದಲ್ಲಿ ಗುಡಾಣದಷ್ಟು ದೊಡ್ಡ ಡಿಶ್ ಹಾಕಿಸಿದ್ದರು. ಮಕ್ಕಳೆಲ್ಲ ರಜೆಗೆ ಬಂದಿದ್ದರು. ಬಾರ್ಸಿಲೋನಾದಲ್ಲಿ ಯುನೈಟೆಡ್ಡಿನ ಚಾಂಪಿಯನ್ಸ್ ಲೀಗ್ ಫೈನಲ್ ಆಟ, ನಮ್ಮಲ್ಲಿ ನಡುರಾತ್ರಿ. ಎದುರಾಳಿ ಬಾಯರ್ನ್ ಮ್ಯೂನಿಕ್ ಒಂದು ಗೋಲು ಮುಂದಿತ್ತು, ಸಮಯ ಮುಗಿದಿತ್ತು, ಮಲಗೋಣವೆಂದು ಚಾಪೆ ಹಾಸುತ್ತಿದ್ದೆ. ಅಷ್ಟರಲ್ಲಿ ಎರಡು ಗೋಲು ಬಿದ್ದವು. ಇವರೆಲ್ಲ ಕೂಗಿದ ಕೂಗಿಗೆ ಅಮ್ಮ ಕಳ್ಳ ಬಂದನೆಂದು ಒನಕೆ ಹಿಡಿದು ನಡುಮನೆಗೆ ಬಂದಿದ್ದಳು. ಬೆಳಿಗ್ಗೆ ಎಲ್ಲರಿಗೂ ಹಲಸಿನ ಹಣ್ಣಿನ ಕಡುಬು ಮಾಡಿದ್ದೆವು.

ಭಾವ: ತೊಂಬತ್ತು ನಿಮಿಷ ಮುಗಿದ ಮೇಲೆ ಸೇರಿಸಿಕೊಟ್ಟ ನಿಮಿಷಗಳಲ್ಲಿ ಶೆರಿಂಗಮ್ ಮತ್ತು ಸೋಲ್‌ಷಾರ್ ಹೊಡೆದ ಗೋಲುಗಳು ಎಂಬುದು ಸರಿ. ಕಡುಬಿಗೂ ಫಾರ್ವರ್ಡಿಗೂ ಇರುವ ಸಂಬಂಧ ಸ್ಪಷ್ಟವಾಗಲಿಲ್ಲ.

ರಾಜಾಜಿನಗರದ ಅತ್ತೆ: ಸಂಬಂಧವಿದೆ. ಅದೇ ರಾತ್ರಿ ಚಿತ್ರ ನಡುಗುತ್ತದೆಂದು ಡಿಶ್ಶಿನ ತಂತಿ ಸರಿಮಾಡಲು ಮಾಡು ಹತ್ತಿ, ಅಟ್ಟದ ಮೇಲಿನ ಹೆಂಚನ್ನು ಒಡೆದವರು ಯಾರು? ಆ ಮನೆ ಸೋರಲು ಶುರುವಾದದ್ದೇ ಅಲ್ಲಿಂದ.

ಚಿಕ್ಕಪ್ಪ: ಅದು ಮಂಗಗಳ ಕೆಲಸವೆಂದು ಆಗಲೇ ತೀರ್ಮಾನವಾಗಿತ್ತು.

ದೊಡ್ಡಪ್ಪ: ಮಂಗ ಎಂದು ತೀರ್ಮಾನಿಸಿದ್ದು ನಿಜ. ಎರಡು ಕಾಲಿನ ಮಂಗವೋ ನಾಲ್ಕು ಕಾಲಿನದೋ ಎಂಬುದನ್ನು ಅಪ್ಪಯ್ಯ ಬಿಡಿಸಿ ಹೇಳಲಿಲ್ಲ.

ಈ ಹಂತದಲ್ಲಿ ತಂಗಿ ಚರ್ಚೆಯನ್ನು ಫುಟ್ಬಾಲಿಗೆ ಮರಳಿ ತಂದಳು. ಇಂಗ್ಲೆಂಡಿನ ಆಟವನ್ನು ಮನೆಯಲ್ಲಿ ನಿಜವಾಗಿ ಅನುಸರಿಸುವವಳು ಅವಳೊಬ್ಬಳೇ. ಆದ್ದರಿಂದಲೇ ಅವಳನ್ನು ಯಾರೂ ಕೇಳುವುದಿಲ್ಲ.

ತಂಗಿ: ಕೆಡವುವುದು, ಇಟ್ಟುಕೊಳ್ಳುವುದು ಎಂಬ ಎರಡೇ ದಾರಿಗಳಿವೆ ಎಂದು ನೀವೆಲ್ಲ ಭಾವಿಸಿದಂತಿದೆ. ಎವರ್ಟನ್ ತಂಡ 2025ರಲ್ಲಿ ನದಿಯ ದಂಡೆಯ ಹೊಸ ಕ್ರೀಡಾಂಗಣಕ್ಕೆ ಹೋಯಿತು, ಆದರೆ 1892ರಿಂದ ಆಡಿದ ಗುಡಿಸನ್ ಪಾರ್ಕನ್ನು ಕೆಡವದೆ ತನ್ನ ಮಹಿಳಾ ತಂಡಕ್ಕೆ ಕೊಟ್ಟಿತು. ಆರ್ಸೆನಲ್ 2006ರಲ್ಲಿ ತನ್ನ ಹಳೆಯ ಮೈದಾನ ಹೈಬರಿಯನ್ನು ಬಿಟ್ಟಾಗ ಅದನ್ನು ವಸತಿ ಸಮುಚ್ಚಯವಾಗಿ ಮಾರ್ಪಡಿಸಿದರು. ಪೂರ್ವ ಮತ್ತು ಪಶ್ಚಿಮದ ಸ್ಟ್ಯಾಂಡುಗಳ ಹೊರಮುಖಗಳನ್ನು ಉಳಿಸಿಕೊಂಡರು, ಆಡುವ ಅಂಗಳ ಈಗ ತೋಟ. ಯುನೈಟೆಡ್ ಅಭಿಮಾನಿಗಳ ಆತಂಕ ಕಟ್ಟಡದ ಬಗ್ಗೆ ಮಾತ್ರವಲ್ಲ. ಕ್ಲಬ್ಬು 2024-25ರ ಋತುವಿನ ನಡುವೆಯೇ, ಮಾರಾಟವಾಗದೆ ಉಳಿದ ಟಿಕೆಟ್ಟುಗಳ ಕನಿಷ್ಠ ದರವನ್ನು 66 ಪೌಂಡಿಗೆ ಏರಿಸಿ, ಮಕ್ಕಳಿಗೂ ಹಿರಿಯರಿಗೂ ಇದ್ದ ರಿಯಾಯಿತಿಯನ್ನು ತೆಗೆದುಹಾಕಿತು. ಹೊಸ ಕ್ರೀಡಾಂಗಣದಲ್ಲಿ ಒಂದು ಲಕ್ಷ ಕುರ್ಚಿಗಳಿದ್ದರೂ ಅವುಗಳಲ್ಲಿ ಊರಿನವರು ಕೂರುವಂಥವು ಎಷ್ಟು ಎಂಬುದೇ ಅವರ ಪ್ರಶ್ನೆ.

ಮ್ಯಾಂಚೆಸ್ಟರ್ ಅಣ್ಣ: ಇವಳು ಹೇಳಿದ್ದು ಸರಿ. ನನ್ನ ವಾರ್ಡಿನಲ್ಲಿ ನಲವತ್ತು ವರ್ಷದಿಂದ ಪಂದ್ಯ ನೋಡುವ ಪೋರ್ಟರ್ ಒಬ್ಬರಿದ್ದಾರೆ. ಹೊಸ ನಕ್ಷೆ ತೋರಿಸಿದರೆ ಅವರು ಮೊದಲು ಹುಡುಕಿದ್ದು ತಮ್ಮ ಕುರ್ಚಿಯನ್ನು. ಹಳೆಯದರ ಪಕ್ಕದಲ್ಲೇ ಹೊಸದು ಏಳಬೇಕೆಂಬುದು ಯೋಜನೆ. ಅದಕ್ಕೆ ಬೇಕಾದ ಜಾಗದಲ್ಲಿ ರೈಲ್ವೆ ಸರಕು ನಿಲ್ದಾಣವಿದೆ, ಅದನ್ನು ಎಬ್ಬಿಸಬೇಕು.

ಭಾವ: ಅಂದರೆ ಜಾಗದ ಖಾತೆಯೇ ಆಗಿಲ್ಲ.

ಚಿಕ್ಕಪ್ಪ: ಖಾತೆಯ ಮಾತನ್ನು ಅಳಿಯಂದಿರು ಎತ್ತಿದ್ದು ಒಳ್ಳೆಯದಾಯಿತು. ನಮ್ಮ ಮನೆಯ ಖಾತೆಯೂ ಇನ್ನೂ ಅಪ್ಪಯ್ಯನ ಹೆಸರಿನಲ್ಲಿದೆ.

ಮತ್ತೆ ಮೌನ. ಅತ್ತೆ ಯಾರೂ ಕೇಳದಿದ್ದರೂ ಹಲಸಿನ ಕಡುಬಿಗೆ ಬೆಲ್ಲದ ಪ್ರಮಾಣ ಬರೆದರು.

ಚಿಕ್ಕಪ್ಪನ ಪರವಾಗಿ ನಾನು ಒಂದು ಮಾತು ಬರೆದೆ ಎಂದು ಒಪ್ಪಿಕೊಳ್ಳಬೇಕು. 2014ರಿಂದ ಬೆಂಗಳೂರು ಎಫ್‌ಸಿ ಪಂದ್ಯಗಳಿಗೆ ಅವರು ನನ್ನನ್ನು ಕಂಠೀರವಕ್ಕೆ ಕರೆದೊಯ್ಯುತ್ತಿದ್ದಾರೆ. ಸ್ಟ್ಯಾಂಡಿಗೂ ಆಟದ ಅಂಗಳಕ್ಕೂ ನಡುವೆ ಅಥ್ಲೀಟುಗಳ ಓಟದ ಪಥ ಹಾದುಹೋಗಿದೆ. ಆಚೆ ಬದಿಯ ಗೋಲನ್ನು ನಾವು ಕಣ್ಣಿಗಿಂತ ಮೊದಲು ವೆಸ್ಟ್ ಬ್ಲಾಕಿನ ಅಭಿಮಾನಿ ಹುಡುಗರ ಕೂಗಿನಿಂದ ತಿಳಿಯುತ್ತೇವೆ. ಪಥ ಓಡುವವರಿಗೆ ಬೇಕು, ಅಂಗಳ ಆಡುವವರಿಗೆ ಬೇಕು. ಒಂದೇ ಮನೆಯಲ್ಲಿ ಎರಡು ಸಂಸಾರ. ಫುಟ್ಬಾಲಿಗೆಂದೇ ಇರುವ ಅಶೋಕನಗರದ ಕ್ರೀಡಾಂಗಣದಲ್ಲಿ, ತಂಡ ಮೊದಲ ವರ್ಷವೇ ಐ-ಲೀಗ್ ಗೆದ್ದ ಋತುವಿನಲ್ಲಿ, ಆಟಗಾರನ ಉಸಿರು ಕೇಳುವಷ್ಟು ಹತ್ತಿರ ಕೂತವರಿಗೆ ಹೊಸದೊಂದು ಬೇಕೆನ್ನಿಸುವುದು ದುರಾಸೆಯಲ್ಲ. ಹಾಗೆಂದು ಬರೆದೆ.

ದೊಡ್ಡಪ್ಪ: ನೀನೂ ಆ ಕಡೆ ಸೇರಿದೆಯಾ?

ನನಗೆ ಅಷ್ಟೇ ಉತ್ತರ. ಅಣ್ಣ ಮಾತ್ರ, ಅಪ್ಪನಿಗೋ ಚಿಕ್ಕಪ್ಪನಿಗೋ ಎಂದು ಹೇಳದೆ, ಮತ್ತೆ ಬರೆದ.

ಮ್ಯಾಂಚೆಸ್ಟರ್ ಅಣ್ಣ: ಹತ್ತು ವರ್ಷದ ಕೆಲಸವನ್ನು ಐದು ವರ್ಷದಲ್ಲಿ ಮುಗಿಸುವುದಾಗಿ ಹೇಳಿದ್ದಾರೆ. ಬೇರೆಡೆ ಸಿದ್ಧಪಡಿಸಿದ 160 ಭಾಗಗಳನ್ನು ಮ್ಯಾಂಚೆಸ್ಟರ್ ಹಡಗು ಕಾಲುವೆಯ ಮೂಲಕ ತಂದು ಜೋಡಿಸುವ ಲೆಕ್ಕಾಚಾರವದು. ಆ ಮೂರು ಕಂಬಗಳು 200 ಮೀಟರ್ ಎತ್ತರ, 40 ಕಿಲೋಮೀಟರ್ ದೂರಕ್ಕೂ ಕಾಣುತ್ತವಂತೆ. ಹೊದಿಕೆಯನ್ನು ಫಾಸ್ಟರ್ ಛತ್ರಿ ಎಂದು ಕರೆದಿದ್ದಾರೆ. ಅದು ಮಳೆ ನೀರನ್ನೂ ಬಿಸಿಲನ್ನೂ ಹಿಡಿಯಬೇಕು. ಹಣ ಸಾಲದೆ ಮೊದಲು ಹಾರಿಹೋಗುವುದೇ ಆ ಛತ್ರಿ ಎಂದು ಪಬ್ಬುಗಳಲ್ಲಿ ಮಾತಾಡಿಕೊಳ್ಳುತ್ತಾರೆ.

ಸಂಜೆಯವರೆಗೂ ಗುಂಪಿನಲ್ಲಿ ಸದ್ದಿರಲಿಲ್ಲ. 6.40ಕ್ಕೆ ದೊಡ್ಡಪ್ಪ ಕೇಳಿದರು.

ದೊಡ್ಡಪ್ಪ: ಛತ್ರಿಯ ಮೇಲೆ ಬಿದ್ದ ನೀರನ್ನು ಹಿಡಿದು ಎಲ್ಲಿಗೆ ಬಿಡುತ್ತಾರೆ? ದೋಣಿಯ ಇಳಿಜಾರು ಎಷ್ಟು ಎಂದು ನಕ್ಷೆಯಲ್ಲಿ ಕೊಟ್ಟಿದ್ದಾರೆಯೇ?

ದೋಣಿ ಎಂದರೆ ನಮ್ಮ ಕಡೆ ಮಾಡಿನ ಎರಡು ಇಳಿಜಾರು ಸೇರುವಲ್ಲಿ ನೀರು ಹರಿಯಲು ಕೂರಿಸುವ ತಗಡು. ಪ್ರಶ್ನೆಯ ಜೊತೆಗೆ ಒಂದು ಚಿತ್ರವಿತ್ತು: ನಡುಮನೆಯ ಕೆಂಪು ಗಾರೆಯ ನೆಲದ ಮೇಲೆ ಅಜ್ಜಿಯ ತಾಮ್ರದ ಹಂಡೆ, ಅರ್ಧಕ್ಕಿಂತ ಮೇಲೆ ನೀರು, ಪಕ್ಕದಲ್ಲಿ ಸಿಡಿದ ಹನಿಗಳನ್ನು ಒರೆಸಿ ಹಿಂಡಿಟ್ಟ ಹಳೆಯ ಪಂಚೆ. ಪೂರ್ಣ ವಾಕ್ಯದ ಕಟ್ಟಳೆ ಮಾಡಿದವರು ಚಿತ್ರದ ಅಡಿಯಲ್ಲಿ ಏನನ್ನೂ ಬರೆದಿರಲಿಲ್ಲ.

ಚಿಕ್ಕಪ್ಪ: ಇದು ಅಟ್ಟದ ಏಣಿಯ ಬಲಕ್ಕಿರುವ ಹೆಂಚೋ?

ದೊಡ್ಡಪ್ಪ: ಅದೇ. ಬೆಳಗಿನಿಂದ ಎರಡು ಸಲ ಹಂಡೆ ಖಾಲಿ ಮಾಡಿದ್ದೇನೆ.

ಚಿಕ್ಕಪ್ಪ: ಶನಿವಾರ ಬರುತ್ತೇನೆ. ನೀನು ಏಣಿ ಹತ್ತಬೇಡ.

ರಾತ್ರಿ 10.55ಕ್ಕೆ ಭಾವನ ಸಂದೇಶ ಬಂತು: ಬೆಳಗಿನ ಸುದ್ದಿಯ ಮೂಲ ಯಾವುದೆಂದು ಈವರೆಗೂ ಯಾರೂ ತಿಳಿಸಿಲ್ಲ ಎಂಬುದನ್ನು ದಾಖಲಿಸಬಯಸುತ್ತೇನೆ.