ಫ್ರೀಜ್ ಮಾಡಿದ ಹುಂಜದ ಸೆಮೆನ್ (ವೀರ್ಯ) ಕರಗಿಸಿದ್ರ ವೀರ್ಯಾಣು ಚಲೋ ಓಡಾಡ್ತಾವು, ತತ್ತಿ ಮಾತ್ರ ಎಲ್ಲಾ ಗೊಡ್ಡು. ಸಹಾಯ ಮಾಡ್ರಿ

ಸಿಂಧನೂರ್_ಜವಾರಿ:
ತಲಿ ಕೆಟ್ಟು ಹೋಗೇತಿ ಅಣ್ಣಾರ. ನಮ್ಮ ಮುತ್ಯಾನ ಕಾಲದಿಂದ ಮನ್ಯಾಗ ಇದ್ದ ಅಸೀಲ್ ಅನ್ನೋ ಕಾಳಗದ ಕೋಳಿ ತಳಿ, ಕೊನೀ ಹುಂಜ ಮೇ ತಿಂಗಳ ಬಿಸಲಿಗೆ ಸತ್ತು ಹೋತು. ಪುಣ್ಯಾಕ ಚಳಿಗಾಲದಾಗ ಸೆಮೆನ್ ತಗದು ಸ್ಟ್ರಾ (ಸಣ್ಣ ಕೊಳವಿ) ತುಂಬಿ ನೈಟ್ರೋಜನ್ ಕ್ಯಾನ್‌ನಾಗ ಫ್ರೀಜ್ ಮಾಡಿ ಇಟ್ಟಿದ್ದೆ. ಹೋದ ತಿಂಗಳು ನಾಕು ಸ್ಟ್ರಾ ಕರಗಿಸಿ ಆರು ಹ್ಯಾಟಿಗೆ ಎಐ (ಕೃತಕ ಗರ್ಭಧಾರಣೆ) ಮಾಡ್ದೆ, ಮೈಕ್ರೋಸ್ಕೋಪ್‌ನಾಗ ಓಡಾಡೋದು ಕಣ್ಣಾರೆ ನೋಡೀನಿ. 23 ತತ್ತಿ ಕಾವಿನ ಮಷೀನಿಗೆ ಇಟ್ಟೆ, ಏಳನೇ ದಿನ ಟಾರ್ಚ್ ಹಿಡಿದ್ರ ಒಂದ್ರಾಗೂ ರಕ್ತದ ಎಳಿ ಇಲ್ಲ. ಇನ್ನ ಆರೇ ಸ್ಟ್ರಾ ಉಳದಾವು. ಎಲ್ಲಾ ಸರಿಯಾಗೇ ಮಾಡೀನಿ, ಎಲ್ಲಿ ತಪ್ಪೇತಿ?

ಗಂಗಾವತಿ_ಹ್ಯಾಚರಿ:
ಮಷೀನ್ ಟೆಂಪರೇಚರ್ ಎಷ್ಟ್ರೀ? 37.5ರ ಆಸುಪಾಸು ಇರಬೇಕು.

ಸಿಂಧನೂರ್_ಜವಾರಿ:
37.6 ಇತ್ತು. ಬಾಜೂಕ ಬ್ಯಾರೆ ಜವಾರಿ ತತ್ತಿ 20 ಇದ್ವು, 17 ಚಲೋ ಅದಾವು.

ಗಂಗಾವತಿ_ಹ್ಯಾಚರಿ:
ಆದ್ರೂ ಥರ್ಮಾಮೀಟರ್ ನಂಬಬ್ಯಾಡ್ರಿ. ನಂದು 1000 ತತ್ತಿ ಮಷೀನ್, ಎರಡು ಸೆನ್ಸರ್, ಇನ್ವರ್ಟರ್ ಬ್ಯಾರೆ, ಕರೆಂಟ್ ಹೋದ್ರೂ ಚಿಂತಿ ಇಲ್ಲ.

ಕುಷ್ಟಗಿ_ಹುಂಜ:
ಮೊದ್ಲು ಫೋಟೋ ಹಾಕ್ರಿ. ಕಾಳಗಕ್ಕ ಬಿಟ್ಟಿದ್ದೆಲ್ಲಾ ಅಸೀಲ್ ಅಲ್ಲ, ಜುಟ್ಟು ಸಣ್ಣದು, ಬಟಾಣಿ ಕಾಳು ಸಾಲಾಗಿ ಇಟ್ಟಂಗ ಇರಬೇಕು.

ಗಂಗಾವತಿ_ಹ್ಯಾಚರಿ:
ಅವ್ರು ಕೇಳಿದ್ದೇನು ನೀವು ಹೇಳೋದೇನು?

ಕುಷ್ಟಗಿ_ಹುಂಜ:
ತಳಿ ಉಳಸಾಕ ಹೊಂಟವರಿಗೆ ತಳಿ ಯಾವುದು ಅಂತ ಕೇಳಬಾರ್ದೇನ್ರೀ?

ರಾಯಚೂರ್_ಪಶು:
ಆ ಗೊಡ್ಡು ತತ್ತಿ ಒಂದೆರಡು ಒಡದು ನೋಡ್ರಿ. ಕಾವಿನಾಗ ಸತ್ತಿದ್ರ ರಕ್ತದ ಉಂಗುರ ಕಾಣ್ತದ. ಎಐ ಯಾವ ಹೊತ್ತಿಗೆ ಮಾಡಿದ್ರಿ? ಮಧ್ಯಾಹ್ನ ಮೂರರ ಮ್ಯಾಲ ಮಾಡಬೇಕು, ಮುಂಜಾನೆ ಒಳಗ ಗಟ್ಟಿ ತತ್ತಿ ಅಡ್ಡ ಇರ್ತದ.

ಸಿಂಧನೂರ್_ಜವಾರಿ:
ನಾಕಕ್ಕ ಮಾಡೀನ್ರಿ. ಈಗಷ್ಟೇ ಐದು ಒಡದೆ, ಉಂಗುರ ಇಲ್ಲ, ಹಳದಿ ಮ್ಯಾಲ ಬರೇ ಬಿಳಿ ಚುಕ್ಕಿ.

ರಾಯಚೂರ್_ಪಶು:
ಹಂಗಿದ್ರ ಫಲಾನೇ ಕಟ್ಟಿಲ್ಲ, ಮಷೀನಿನ ತಪ್ಪಲ್ಲ. ಏನು ಹಾಕಿ ಫ್ರೀಜ್ ಮಾಡಿದ್ರಿ?

ಸಿಂಧನೂರ್_ಜವಾರಿ:
ಎಲ್ಲಾರೂ ಹಾಕೋದೇ ಅಲ್ರೀ, ಗ್ಲಿಸರಾಲ್. ಎಮ್ಮಿಗೆ ಎಐ ಮಾಡೋರು ಹೇಳಿದಂಗ 7 ಪರ್ಸೆಂಟ್. ಕರಗಿಸಿ, ಗ್ಲಿಸರಾಲ್ ತಗೀದೇ ಹಂಗೇ ಹ್ಯಾಟಿಗೆ ಬಿಟ್ಟೆ.

ರಾಯಚೂರ್_ಪಶು:
ಅಲ್ಲೇ ಸಿಕ್ಕೊಂಡೀರಿ. ಎಮ್ಮಿ ಆಕಳಿಗೆ ನಡೀತದ, ಕೋಳಿಗೆ ನಡ್ಯಂಗಿಲ್ಲ. 1949ರಾಗ ಇಂಗ್ಲೆಂಡಿನ ವಿಜ್ಞಾನಿ ಪೋಲ್ಜ್ ಮತ್ತವರ ಜೋಡಿದಾರರು ಗ್ಲಿಸರಾಲಿನ ಗುಣ ಕಂಡುಕೊಂಡಿದ್ದು ಹುಂಜದ ಸೆಮೆನ್ ಮ್ಯಾಲೇ, ಫ್ರೀಜ್‌ನಾಗ ಅದು ಕಾಪಾಡೋದು ಖರೇ. ಆದ್ರ ಹ್ಯಾಟಿ ಒಳಗ ಹೋದ ಮ್ಯಾಲ ಅದೇ ಫಲ ತಡೀತದ, 2 ಪರ್ಸೆಂಟ್ ಉಳದ್ರೂ ಕಷ್ಟ. ಓಡಾಡೋದು ನೋಡಿ ಮೋಸ ಹೋಗಬ್ಯಾಡ್ರಿ. ಕರಗಿಸಿದ ಮ್ಯಾಲ 5 ಡಿಗ್ರಿ ತಂಪಿನಾಗ ಗ್ಲಿಸರಾಲ್ ಇಲ್ಲದ ಡೈಲ್ಯೂಟರ್ (ಸೆಮೆನ್ ತಿಳಿ ಮಾಡೋ ದ್ರಾವಣ) ಸ್ವಲ್ಪ ಸ್ವಲ್ಪೇ ಹಾಕಿ ತಿಳಿ ಮಾಡಬೇಕು, ಒಮ್ಮೆಲೇ ಸುರಿದ್ರ ಜೀವಕೋಶ ಉಬ್ಬಿ ಒಡೀತಾವು. ಆಮ್ಯಾಲ ಸೆಂಟ್ರಿಫ್ಯೂಜ್‌ನಾಗ (ಜೋರಾಗಿ ತಿರುಗಿಸೋ ಮಷೀನ್) ತಿರುಗಿಸಿ ಗ್ಲಿಸರಾಲ್ ತಗೀಬೇಕು. ಮುಂದ ಹೊಸಾದು ತಗದ್ರ ಗ್ಲಿಸರಾಲ್ ಬದ್ಲಿ ಡಿಎಂಎ ಅಂದ್ರ ಡೈಮೀಥೈಲ್ ಅಸಿಟಮೈಡ್ ನೋಡ್ರಿ.

ಕಂಪ್ಲಿ_ಕೋಳಿ:
ತತ್ತೀನೇ ಫ್ರೀಜ್ ಮಾಡಿ ಇಡಾಕ ಬರಂಗಿಲ್ಲೇನು? ಇಷ್ಟೆಲ್ಲಾ ಯಾಕ?

ರಾಯಚೂರ್_ಪಶು:
ಹಳದಿ ದೊಡ್ಡದು ಅಣ್ಣ, ತತ್ತಿ ಬದುಕಂಗಿಲ್ಲ. ಸೆಮೆನ್‌ನಾಗೂ ಅರ್ಧ ಕತಿ ಅಷ್ಟೇ, ಹ್ಯಾಟಿಗೆ ಬೇಕಾದ ಡಬ್ಲ್ಯೂ ಕ್ರೋಮೋಸೋಮ್ ಹುಂಜದಾಗ ಇರಂಗಿಲ್ಲ. ಎರಡೂವರಿ ದಿನದ ಭ್ರೂಣದ ರಕ್ತದಾಗಿನ ಪಿಜಿಸಿ (ಮುಂದ ತತ್ತಿ, ವೀರ್ಯಾಣು ಆಗೋ ಮೂಲ) ಜೀವಕೋಶ ತಗದು ಫ್ರೀಜ್ ಮಾಡಿ ಇಡ್ತಾರ, ಅದು ಲ್ಯಾಬ್ ಕೆಲಸ. ಅವರ ಮನ್ಯಾಗ ಅದೇ ತಳಿ ಹ್ಯಾಟಿ ಇದ್ರ ಮೊದ್ಲು ಅವನ್ನ ಉಳಸ್ರಿ.

ಸಿಂಧನೂರ್_ಜವಾರಿ:
ಹುಂಜದ ತಂಗಿ ಎರಡು ಅದಾವು ಅಣ್ಣ. ಇವತ್ತು ಕ್ಯಾನಿಗೆ ಕಡ್ಡಿ ಇಳಿಸಿ ನೋಡಿದೆ, ನೈಟ್ರೋಜನ್ ನಾಕು ಬೆರಳಷ್ಟೇ ಉಳದೇತಿ, ನಾಳೆ ತುಂಬಿಸಿಕೊಂಡು ಬರ್ತೀನಿ. ಸಿಂಧನೂರು ಮಾನ್ವಿ ಕಡೆ ತಂಪಿನ ಸೆಂಟ್ರಿಫ್ಯೂಜ್ ಯಾರ ಹತ್ರ ಐತ್ರಿ?