ಪದಚರ್ಚೆ: ನಾಣ್ಯದ ಅಚ್ಚಿನಲ್ಲಿ ತಿದ್ದಿದ ಅಕ್ಷರಕ್ಕೆ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನನ್ನ ಬಳಿ ಇರುವ ಹಳೆಯ ಬ್ರಿಟಿಷ್ ತಾಮ್ರದ ನಾಣ್ಯಗಳಿಗೆ ಕನ್ನಡದಲ್ಲೇ ಒಂದು ವಿವರಪಟ್ಟಿ ಬರೆಯುತ್ತಿದ್ದೇನೆ. ಫಾರ್ದಿಂಗ್, ಹಾಫ್‌ಪೆನ್ನಿ, ಪೆನ್ನಿ ಎಂಬ ಹೆಸರುಗಳನ್ನು ಹಾಗೆಯೇ ಇಟ್ಟುಕೊಂಡೆ. ರಾಜರ ಹೆಸರು, ಇಸವಿ, ತೂಕ, ಸವಕಳಿ ಇವಕ್ಕೆಲ್ಲ ಕನ್ನಡ ಧಾರಾಳವಾಗಿ ಒದಗಿತು. ತೊಡಕು ಶುರುವಾದದ್ದು ಅಚ್ಚಿನ ವ್ಯತ್ಯಾಸಗಳಿಗೆ ಬಂದಾಗ. ಇಂಗ್ಲಿಷ್ ಪಟ್ಟಿಗಳು ಬೇರೆಬೇರೆ ಹೆಸರಿಟ್ಟು ಕರೆಯುವ ನಾಲ್ಕೈದು ಸಂಗತಿಗಳಿಗೆ ನಮ್ಮಲ್ಲಿ ಒಂದೇ ಮಾತು ಸಾಕೆಂಬಂತಿದೆ: ‘ಅಚ್ಚಿನ ತಪ್ಪು’. ಅದು ಸಾಲದು. ಏಕೆಂದರೆ ಆ ನಾಲ್ಕೈದರಲ್ಲಿ ನಿಜವಾದ ತಪ್ಪು ಒಂದೇ.

ಮೊದಲು ಕೆಲಸ ಹೇಗೆ ನಡೆಯುತ್ತಿತ್ತು ಎಂದು ಹೇಳಿಬಿಡುತ್ತೇನೆ. ಉಕ್ಕಿನ ಅಚ್ಚಿನ ಮೇಲೆ ರಾಜನ ಮುಖವನ್ನು ಒಂದು ಉಬ್ಬು ಠಸ್ಸೆಯಿಂದ ಇಳಿಸುತ್ತಿದ್ದರು. ಸುತ್ತಲಿನ ಬರಹ ಮಾತ್ರ ಬಹುಕಾಲ ಕೈಕೆಲಸವಾಗಿಯೇ ಉಳಿದಿತ್ತು. ಅಕ್ಷರಕ್ಕೊಂದು ಉಕ್ಕಿನ ಮೊಳೆ. ಅದನ್ನು ಜಾಗದಲ್ಲಿ ನಿಲ್ಲಿಸಿ ಸುತ್ತಿಗೆಯಿಂದ ಹೊಡೆಯುವುದು, ಪಕ್ಕದಲ್ಲಿ ಮುಂದಿನ ಮೊಳೆ ಇಡುವುದು. ನಾಣ್ಯದಲ್ಲಿ ಬರಹ ನೇರವಾಗಿ ಬರಬೇಕಾದರೆ ಅಚ್ಚಿನಲ್ಲಿ ಅದು ತಿರುವುಮುರುವಾಗಿರಬೇಕು. ಓದು ಬಾರದವನ ಕೈಗೆ ಲ್ಯಾಟಿನ್ ಒಕ್ಕಣೆ ಕೊಟ್ಟು, ಅದನ್ನು ಬಲದಿಂದ ಎಡಕ್ಕೆ ಹೊಡೆ ಎಂದರೆ ಏನಾಗಬೇಕೋ ಅದೇ ಆಗಿದೆ.

ಮೂರನೇ ವಿಲಿಯಮ್‌ನ ಕಾಲದ, ಅಂದರೆ 1695ರಿಂದ 1701ರವರೆಗಿನ ಹಾಫ್‌ಪೆನ್ನಿಗಳನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಆಗ ತಾಮ್ರದ ಚಿಲ್ಲರೆ ಹೊಡೆಯುವುದನ್ನು ಗುತ್ತಿಗೆದಾರರಿಗೆ ವಹಿಸಿದ್ದರು. ಬೆಳ್ಳಿ ಬಂಗಾರಕ್ಕೆ ಸಿಗುತ್ತಿದ್ದ ಮರ್ಯಾದೆ ಇದಕ್ಕೆ ಇರಲಿಲ್ಲ. ರಾಜನ ಹೆಸರು ‘ಗುಲಿಯೆಲ್ಮುಸ್’. ಇಂಗ್ಲಿಷ್ ಅಕ್ಷರಗಳಲ್ಲಿ ಬಿಡಿಸಿ ಹೇಳಿದರೆ ಜಿ, ವಿ, ಎಲ್, ಐ, ಇ, ಎಲ್, ಎಂ, ವಿ, ಎಸ್ (ಈ ಲ್ಯಾಟಿನ್ ಬರಹದಲ್ಲಿ ‘ಉ’ ಸ್ವರಕ್ಕೂ ವಿ ಅಕ್ಷರವೇ). 1700ರ ಒಂದು ಅಚ್ಚಿನಲ್ಲಿ ಕೊನೆಯ ವಿ ಬಿಟ್ಟೇಹೋಗಿ ರಾಜ ‘ಗುಲಿಯೆಲ್ಮ್ಸ್’ ಆಗಿದ್ದಾನೆ. ಅದೇ ವರ್ಷದ ಇನ್ನೊಂದರಲ್ಲಿ ಎರಡನೇ ಎಲ್ ಇರಬೇಕಾದಲ್ಲಿ ಇ ಕೂತಿದೆ. ಮತ್ತೊಂದರ ಹಿಂಬದಿಯಲ್ಲಿ, ಬ್ರಿಟನ್ ದೇಶವನ್ನು ಹೆಣ್ಣಾಗಿ ರೂಪಿಸಿದ ಬ್ರಿಟಾನಿಯಾ ‘ಬ್ರಿವಾನಿಯಾ’ ಆಗಿದ್ದಾಳೆ. ಟಿ ಬದಲು ವಿ. ಇವಕ್ಕಿಂತ ಕೆಲವು ವರ್ಷ ಹಿಂದಿನ, ವಿಲಿಯಮ್ ಮತ್ತು ಮೇರಿ ಇಬ್ಬರ ಮುಖವೂ ಇರುವ 1694ರ ಹಾಫ್‌ಪೆನ್ನಿಯೊಂದರಲ್ಲಿ ರಾಣಿಯ ಹೆಸರೇ ‘ಮುರಿಯಾ’. ‘ಮರಿಯಾ’ದಲ್ಲಿ ಎ ಇರಬೇಕಾದ ಕಡೆ ವಿ ಬಿದ್ದಿದೆ. ಇವು ಅಪ್ಪಟ ತಪ್ಪುಗಳು. ಇವನ್ನು ‘ಅಕ್ಷರದೋಷ’ ಎನ್ನಲು ನನಗೆ ಅಡ್ಡಿಯಿಲ್ಲ.

ಎ ಮತ್ತು ವಿ ಬಂದಲ್ಲೇ ಒಂದು ಉಪಕಥೆ ಇದೆ. ವಿ ಮೊಳೆಯನ್ನು ತಲೆಕೆಳಗು ಮಾಡಿ ಹೊಡೆದರೆ ಅಡ್ಡಗೆರೆಯಿಲ್ಲದ ಎ ಸಿಗುತ್ತದೆ. ಇದು ಆ ಕಾಲದ ನಾಣ್ಯಗಳಲ್ಲಿ ಧಾರಾಳವಾಗಿ ಕಾಣುತ್ತದೆ. 1701ರಲ್ಲಿ ಇದರ ತಿರುಗುಮುರುಗೂ ಇದೆ: ವಿ ಇರಬೇಕಾದಲ್ಲಿ ತಲೆಕೆಳಗಾದ ಎ. ಇದು ತಪ್ಪೋ, ಕೈಗೆ ಸಿಕ್ಕ ಮೊಳೆಯಲ್ಲಿ ಕೆಲಸ ಸಾಗಿಸಿದ ಜಾಣತನವೋ? ನನಗಂತೂ ಎರಡನೆಯದೇ ಸರಿ ಎನಿಸುತ್ತದೆ. ಹಾಗಾಗಿ ಇದನ್ನು ‘ಬೋಳು ಎ’ ಎಂದು ಬರೆದಿದ್ದೇನೆ. ಇಲ್ಲೊಂದು ಎಚ್ಚರಿಕೆಯೂ ಬೇಕು. ಅಡ್ಡಗೆರೆ ಸವೆದು ಹೋಗಿರುವುದು ಬೇರೆ, ಹುಟ್ಟಿನಿಂದಲೇ ಇಲ್ಲದಿರುವುದು ಬೇರೆ. ಸವೆದ ನಾಣ್ಯವನ್ನು ‘ಅಪರೂಪದ ಎರರ್ ಕಾಯಿನ್’ ಎಂದು ತಲೆಬರಹ ಹಾಕಿ ಮೂರು ಪಟ್ಟು ಬೆಲೆಗೆ ಮಾರುವವರು ಅಂತರ್ಜಾಲದಲ್ಲಿ ಬೇಕಾದಷ್ಟಿದ್ದಾರೆ. ಪದಗಳು ಖಚಿತವಾಗಿದ್ದರೆ ಅವರ ವ್ಯಾಪಾರ ಸ್ವಲ್ಪ ಕುಗ್ಗೀತು.

ಇನ್ನು ತಪ್ಪೇ ಅಲ್ಲದ ವ್ಯತ್ಯಾಸಗಳು. ವಿಕ್ಟೋರಿಯಾ ರಾಣಿಯ 1853ರ ಪೆನ್ನಿಯಲ್ಲಿ ಬ್ರಿಟಾನಿಯಾ ಹಿಡಿದ ತ್ರಿಶೂಲ ಎರಡು ಬಗೆಯಲ್ಲಿದೆ: ಕುಸುರಿ ಇರುವುದು, ಕುಸುರಿ ಇಲ್ಲದ್ದು. 1841ರ ಪೆನ್ನಿಗಳಲ್ಲಿ ‘ರೆಗ್’ (‘ರಾಣಿ’ ಎಂಬ ಲ್ಯಾಟಿನ್ ಪದದ ಮೊಟಕು) ಎಂಬ ಅಕ್ಷರಗಳ ಮುಂದೆ ಎರಡು ಚುಕ್ಕೆ ಇಲ್ಲದವು ಸಲೀಸಾಗಿ ಸಿಗುತ್ತವೆ. ಕೊನೆಯ ‘ಡೆಫ್’ (‘ರಕ್ಷಕಿ’ ಎಂಬುದರ ಮೊಟಕು) ಮುಂದಿನ ಚುಕ್ಕೆಗಳು ಎಫ್‌ಗೆ ಅಂಟಿಕೊಂಡಂತಿವೆಯೋ ದೂರ ನಿಂತಿವೆಯೋ ಎಂಬುದನ್ನೂ ಸಂಗ್ರಹಕಾರರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. (ಇದೇ ಪೆನ್ನಿಗಳಲ್ಲಿ ‘ಬ್ರಿಟಾನಿಯಾರ್’ ಎಂದು ಕೊನೆಗೆ ಆರ್ ಇರುವುದನ್ನು ಕಂಡು ತಪ್ಪು ಸಿಕ್ಕಿತೆಂದು ಹಿಗ್ಗಬೇಡಿ. ಅದು ‘ಬ್ರಿಟಾನಿಯಾರುಮ್’ (‘ಬ್ರಿಟನ್‌ಗಳ’) ಎಂಬುದರ ಮೊಟಕು ರೂಪ.)

ಇವಕ್ಕೆ ‘ಅಚ್ಚುಭೇದ’ ಎಂದು ಹಾಕಿದ್ದೇನೆ. ‘ಮಾದರಿ’ ಎಂದರೆ ವಿನ್ಯಾಸವೇ ಬೇರೆಯಾಯಿತು ಎಂಬ ಅರ್ಥ ಬರುತ್ತದೆ. ‘ಪ್ರಭೇದ’ ಎಂದರೆ ಮನಸ್ಸು ಗಿಡಮರ, ಹಕ್ಕಿಗಳ ಕಡೆ ಹೋಗುತ್ತದೆ. ಓಲೆಗರಿಗಳಲ್ಲಿ ಪಳಗಿದ ಗೆಳೆಯರೊಬ್ಬರು ‘ಪಾಠಾಂತರ’ ಎನ್ನಿ ಎಂದರು. ಕಿವಿಗೆ ಇಂಪಾಗಿದೆ, ಆದರೆ ತ್ರಿಶೂಲಕ್ಕೆ ಪಾಠಾಂತರ ಎಲ್ಲಿಂದ ತರುವುದು? ‘ಅಚ್ಚುಭೇದ’ದಲ್ಲೂ ನನಗೊಂದು ಕೊರತೆ ಕಾಣುತ್ತದೆ. ಕನ್ನಡದ ‘ಅಚ್ಚು’ ಎರಕಕ್ಕೂ ಸಲ್ಲುತ್ತದೆ, ಒತ್ತುವುದಕ್ಕೂ ಸಲ್ಲುತ್ತದೆ. ಬೆಲ್ಲ ಹೊಯ್ಯುವುದೂ ಅಚ್ಚಿಗೇ. ಅಧಿಕೃತ ನಾಣ್ಯ ಒತ್ತಿದ್ದು. ಹದಿನೆಂಟನೇ ಶತಮಾನದ ಖೋಟಾ ಹಾಫ್‌ಪೆನ್ನಿಗಳಲ್ಲಿ ಎರಕ ಹೊಯ್ದವೂ ಇವೆ. ಅಂಥ ಕಡೆ ಸ್ಪಷ್ಟತೆಗಾಗಿ ‘ಕಮ್ಮಟದಚ್ಚು’ ಎನ್ನಬಹುದೇ? ‘ಕಮ್ಮಟ’ ಈಗ ಕಥೆ, ಕಾವ್ಯಗಳ ತರಬೇತಿ ಶಿಬಿರಕ್ಕೆ ಹೊರಟುಹೋಗಿದೆ. ನಾಣ್ಯ ಹೊಡೆಯುವ ಜಾಗ ಎಂಬ ಅರ್ಥವನ್ನು ಅದಕ್ಕೆ ಮರಳಿ ಕೊಟ್ಟರೆ ಓದುಗರು ಒಪ್ಪುತ್ತಾರೆಯೇ, ಇಲ್ಲ ‘ಟಂಕಸಾಲೆ’ಯೇ ಕ್ಷೇಮವೇ?

ಈಗ ನನ್ನ ಮುಖ್ಯ ಪ್ರಶ್ನೆ. ಅಚ್ಚಿನಲ್ಲಿ ಒಂದು ಅಕ್ಷರ ಹೊಡೆದ ಮೇಲೆ ಅದರ ಮೇಲೆಯೇ ಇನ್ನೊಂದನ್ನು ಹೊಡೆದ ಉದಾಹರಣೆಗಳಿವೆ. 1856ರ ಒಂದು ಫಾರ್ದಿಂಗ್‌ನಲ್ಲಿ ‘ವಿಕ್ಟೋರಿಯಾ’ದ ಆರ್ ಅಡಿಯಲ್ಲಿ ಇ ಇದೆ. ಭೂತಗನ್ನಡಿ ಹಿಡಿದು, ದೀಪವನ್ನು ಒಂದು ಪಕ್ಕಕ್ಕೆ ವಾಲಿಸಿ ನೋಡಬೇಕು. ಆರ್‌ನ ಎರಡು ಕಾಲುಗಳ ನಡುವೆ, ಖಾಲಿ ಇರಬೇಕಾದ ಜಾಗದಲ್ಲಿ, ಇ ಅಕ್ಷರದ ಕೆಳಗಿನ ಅಡ್ಡಗೆರೆಯನ್ನು ಹುಡುಕಬೇಕು. ನಾಲ್ಕನೇ ಜಾರ್ಜ್‌ನ 1825ರ ಫಾರ್ದಿಂಗ್‌ನಲ್ಲಿ ‘ಡೆಯಿ’ (‘ದೇವರ’) ಎಂಬಲ್ಲಿ ಯು ಮೇಲೆ ಡಿ. 1848ರ ಪೆನ್ನಿಯಲ್ಲಿ ಕೊನೆಯ 8 ಅಂಕೆ ಕೆಲವು ಅಚ್ಚುಗಳಲ್ಲಿ 7ರ ಮೇಲೆ, ಕೆಲವದರಲ್ಲಿ 6ರ ಮೇಲೆ ಕೂತಿದೆ.

ಇಂಗ್ಲಿಷಿನವರು ‘ಓವರ್’ ಎಂಬ ಒಂದೇ ಪದದಲ್ಲಿ ಮುಗಿಸುತ್ತಾರೆ. ಯಾವುದರ ಮೇಲೆ ಯಾವುದಿದೆ ಎಂಬುದಷ್ಟೇ ಅದರಲ್ಲಿ ತಿಳಿಯುತ್ತದೆ. ನನಗೆ ತಟ್ಟನೆ ಹೊಳೆದದ್ದು ‘ತಿದ್ದು’. ಮಕ್ಕಳು ಅಕ್ಷರ ತಿದ್ದುವಾಗ ಬರೆದದ್ದರ ಮೇಲೆಯೇ ಬರೆಯುತ್ತಾರೆ. ಮೇಷ್ಟರು ತಿದ್ದುವಾಗ ತಪ್ಪನ್ನು ಸರಿಪಡಿಸುತ್ತಾರೆ. ಎರಡೂ ಅರ್ಥ ಇಲ್ಲಿಗೆ ಬೇಕಾದದ್ದೇ. ‘ಇ ತಿದ್ದಿ ಆರ್’ ಎಂದು ಬರೆದರೆ ಮೂರೇ ಪದದಲ್ಲಿ ಆದದ್ದೆಲ್ಲ ಬಂದುಬಿಡುತ್ತದೆ.

ಆದರೆ ಎರಡು ಆಕ್ಷೇಪಗಳು ನನ್ನನ್ನೇ ಕಾಡುತ್ತಿವೆ. 1848ರ ಪೆನ್ನಿಯಲ್ಲಿ ಸರಿಪಡಿಸಲು ತಪ್ಪೇನೂ ಇರಲಿಲ್ಲ. ಹಿಂದಿನ ಇಸವಿಯ ಅಚ್ಚನ್ನು ಬಿಸಾಡದೆ, ಅಂಕೆ ಬದಲಿಸಿ ಮತ್ತೆ ಬಳಸಿಕೊಂಡ ಮಿತವ್ಯಯ ಅದು. ಅದಕ್ಕೂ ‘ತಿದ್ದು’ ಹೊಂದುತ್ತದೆಯೇ? ಎರಡನೆಯದು ಇನ್ನೂ ಗಂಭೀರ. ದಾಖಲೆ ತಿದ್ದಿದ್ದಾರೆ, ಪಹಣಿ ತಿದ್ದಿದ್ದಾರೆ ಎಂದರೆ ನಮಗೆ ಮೊದಲು ನೆನಪಾಗುವುದು ಮೋಸ. ನಾಣ್ಯಗಳಲ್ಲೂ ಆ ಮೋಸ ಉಂಟು: ಸಾಮಾನ್ಯ ಇಸವಿಯ ನಾಣ್ಯದ ಅಂಕೆಯನ್ನು ಚಾಣದಿಂದ ಕೆತ್ತಿ ದುರ್ಲಭ ಇಸವಿ ಮಾಡುವವರಿದ್ದಾರೆ. ‘ತಿದ್ದಿದ ಇಸವಿ’ ಎಂದು ಬರೆದರೆ ಓದುಗರು ಅದನ್ನೇ ತಿಳಿಯುವ ಅಪಾಯವಿದೆ. ಸದ್ಯಕ್ಕೆ ‘ಅಚ್ಚಿನಲ್ಲೇ ತಿದ್ದಿದ್ದು’, ‘ಆಮೇಲೆ ತಿದ್ದಿದ್ದು’ ಎಂದು ಬಿಡಿಸಿ ಬರೆದಿದ್ದೇನೆ. ಪಟ್ಟಿಯ ಕಿರಿದಾದ ಅಂಕಣದಲ್ಲಿ ಇಷ್ಟುದ್ದ ಹಿಡಿಸುವುದಿಲ್ಲ. ‘ಮೇಲಚ್ಚು’ ಎಂಬುದನ್ನೂ ಯೋಚಿಸಿದೆ. ಆದರೆ ಹಳೆಯ ನಾಣ್ಯದ ಮೇಲೆ ಹೊಸ ನಾಣ್ಯವನ್ನೇ ಒತ್ತುವ ಪದ್ಧತಿಗೆ ಆ ಪದ ಬೇಕಾಗುತ್ತದೆ, ಇಲ್ಲಿ ಖರ್ಚು ಮಾಡಲು ಮನಸ್ಸಿಲ್ಲ.

ಮುರಿದ ಮೊಳೆಯಿಂದಲೋ ಪೆಟ್ಟು ತಿಂದ ಅಚ್ಚಿನಿಂದಲೋ ಅರ್ಧಂಬರ್ಧ ಬಂದ ಅಕ್ಷರಕ್ಕೆ ‘ಮುಕ್ಕಕ್ಷರ’ ಎಂದಿದ್ದೇನೆ. ವಿಕ್ಟೋರಿಯಾ ಕಾಲದ ಮೊದಮೊದಲ ಕಂಚಿನ ಪೆನ್ನಿಯೊಂದರಲ್ಲಿ ‘ಒನ್’ ಪದದ ಇ ತನ್ನ ಕೆಳಗೆರೆ ಕಳೆದುಕೊಂಡು ಎಫ್ ಆಗಿ ಕಾಣುವುದು ಈ ಗುಂಪಿನದು. ಕೆತ್ತಿದವನ ತಪ್ಪು ಅಲ್ಲಿ ಏನೂ ಇಲ್ಲ. ಈ ಪದದ ಬಗ್ಗೆ ನನಗೆ ಅನುಮಾನವಿಲ್ಲ, ಯಾರಿಗಾದರೂ ತಕರಾರಿದ್ದರೆ ಹೇಳಿ.

ಬಳಗದಲ್ಲಿ ಮೈಸೂರು ಸಂಸ್ಥಾನದ ನಾಣ್ಯ ಬಲ್ಲವರು ಇದ್ದಾರೆಂದು ಬಲ್ಲೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ಕನ್ನಡ, ಪಾರಸಿ, ಇಂಗ್ಲಿಷ್ ಮೂರು ಬರಹಗಳೂ ಇರುತ್ತವೆ. ಅವುಗಳ ಅಚ್ಚುಗಳನ್ನು ಹೋಲಿಸಿ ಕನ್ನಡದಲ್ಲಿ ಬರೆದವರು ಯಾವ ಪದ ಬಳಸಿದ್ದಾರೆ? ಶಾಸನ ಓದುವವರಿಗೂ ಇದೇ ಪ್ರಶ್ನೆ: ಕಂಡರಿಸಿದವನು ಒಂದು ಅಕ್ಷರದ ಮೇಲೆ ಇನ್ನೊಂದನ್ನು ಕಂಡರಿಸಿದ್ದರೆ ಅಡಿಟಿಪ್ಪಣಿಯಲ್ಲಿ ಏನೆಂದು ಬರೆಯುತ್ತೀರಿ? ಹಳೆಯ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸಿದವರು ಯಾರಾದರೂ ಇದ್ದರೆ ಅವರಿಂದ ಇನ್ನೊಂದು ಬೇಕು: ತಲೆಕೆಳಗಾಗಿ ಕೂತ ಮೊಳೆಗೆ ನಿಮ್ಮಲ್ಲಿ ಏನನ್ನುತ್ತಿದ್ದಿರಿ?