ಶ್ವಾಸನಾಳಕ್ಕೆ ಜಾರಿದ ಕಡಲೆಬೀಜ ಹೆಚ್ಚಾಗಿ ಬಲಕ್ಕೇ ಹೋಗುವುದೇಕೆ?

ಪ್ರಶ್ನೆ:
ಶ್ವಾಸನಾಳವು ಎದೆಯ ನಡುವೆ ಎರಡಾಗಿ ಕವಲೊಡೆಯುತ್ತದೆ ಎಂದಮೇಲೆ, ಉಸಿರಿನೊಂದಿಗೆ ಒಳಹೋದ ಕಡಲೆಬೀಜವು ಎಡಕ್ಕಿಂತ ಬಲ ಶ್ವಾಸಕೋಶದಲ್ಲೇ ಹೆಚ್ಚಾಗಿ ಸಿಕ್ಕಿಕೊಳ್ಳುತ್ತದೆಂದು ವೈದ್ಯರು ಹೇಳುವುದೇಕೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಪಠ್ಯಪುಸ್ತಕದ ಚಿತ್ರಗಳಲ್ಲಿ ಎರಡೂ ಕವಲುಗಳನ್ನು ಒಂದೇ ಅಳತೆಗೆ ಬರೆದುಬಿಡುತ್ತಾರೆ, ಗೊಂದಲ ಅಲ್ಲಿಂದಲೇ ಆರಂಭ. ವಯಸ್ಕರಲ್ಲಿ ಬಲ ಕವಲು ಸುಮಾರು 2.5 ಸೆಂ.ಮೀ. ಉದ್ದವಿದ್ದು, ಅಗಲವಾಗಿ, ಬಹುಮಟ್ಟಿಗೆ ಶ್ವಾಸನಾಳದ ನೇರಕ್ಕೇ ಕೆಳಗಿಳಿಯುತ್ತದೆ. ಎಡ ಕವಲಾದರೋ ಸುಮಾರು 5 ಸೆಂ.ಮೀ. ಉದ್ದವಾಗಿ, ಕಿರಿದಾಗಿ, ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಕಮಾನಿನಡಿ ಹಾದು, ಹೃದಯಕ್ಕೆ ಎಡೆಬಿಟ್ಟು ಹೆಚ್ಚು ಓರೆಯಾಗಿ ಸಾಗುತ್ತದೆ. ಬಲ ಶ್ವಾಸಕೋಶಕ್ಕೆ ಮೂರು ಹಾಲೆಗಳು (ವಿಭಾಗಗಳು), ಎಡಕ್ಕೆ ಎರಡೇ. ಹೀಗಾಗಿ ಗಾಳಿಯ ಪಾಲೂ ಬಲಕ್ಕೆ ತುಸು ಹೆಚ್ಚು; ಕಡಲೆಬೀಜವೂ ಬಲಕ್ಕೇ ಸುಲಭವಾಗಿ ಜಾರುತ್ತದೆ.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ, ಆದರೆ ಚಿಕ್ಕ ಮಕ್ಕಳಲ್ಲಿ ಈ ಓರೆಯ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿರುವುದಿಲ್ಲವಾದ್ದರಿಂದ ಎಡಕ್ಕೆ ಹೋಗುವುದೂ ಅಪರೂಪವಲ್ಲ. ಕಡಲೆಬೀಜ ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಹೀಗಾಗಿ ಚಿತ್ರ ಸರಿಯಿದೆಯೆಂದು ನಿಶ್ಚಿಂತರಾಗಬಾರದು. ಬ್ರಾಂಕೋಸ್ಕೋಪಿಯ (ಶ್ವಾಸನಾಳದೊಳಗೆ ಕೊಳವೆಯಂಥ ಉಪಕರಣ ಇಳಿಸಿ ನೋಡುವ ವಿಧಾನ) ಮೂಲಕ ನೋಡಿ ಹೊರತೆಗೆಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ನುಂಗುವ ಪ್ರತಿಯೊಂದು ತುತ್ತೂ ಅತ್ತ ಹೋಗದಂತೆ ತಡೆಯುವುದು ಯಾವುದು?

ಉತ್ತರ 1:
ನುಂಗುವಾಗ ಧ್ವನಿಪೆಟ್ಟಿಗೆ ಮೇಲೇರುತ್ತದೆ (ಗಂಟಲ ಮೇಲೆ ಬೆರಳಿಟ್ಟು ಎಂಜಲು ನುಂಗಿದರೆ ತಿಳಿಯುತ್ತದೆ), ಅದರ ಬಾಯಿಗೆ ಮುಚ್ಚಳದಂತಿರುವ ಎಪಿಗ್ಲಾಟಿಸ್ ಹಿಂದಕ್ಕೆ ಬಾಗುತ್ತದೆ, ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಉಸಿರು ಕ್ಷಣಕಾಲ ನಿಲ್ಲುತ್ತದೆ. ತುತ್ತು ಬಾಯಲ್ಲಿರುವಾಗಲೇ ನಕ್ಕರೆ, ತೆರೆದೇ ಇರುವ ಶ್ವಾಸನಾಳದ ದಾರಿಗೆ ಅದು ಉಸಿರಿನೊಂದಿಗೆ ನುಗ್ಗಬಹುದು.